ನಿನ್ನೆಯ ಹಿಟ್ಟು ಇಲ್ಲಿ ಸಿಗುವುದಿಲ್ಲ

ನಮ್ಮ ಅಂಗಡಿ ಗೆದ್ದಿತು! ಇವತ್ತು ಬೆಳಿಗ್ಗೆ ನನ್ನ ಮಗ ಮೊಮೊ ಮಾರುವವನು ಕೊಟ್ಟಿದ್ದ ಅಡ್ವಾನ್ಸನ್ನು ಅವನ ಕೈಗೇ ವಾಪಸು ಇಟ್ಟು, "ಅಂಗ್ಡಿ ಖಾಲಿ ಇಲ್ಲ ಗುರು, ಬೇರೆ ಕಡೆ ನೋಡ್ಕೊ" ಅಂದ. ನನ್ನ ಎರಡು ಕಿವಿಯಿಂದ ಕೇಳಿದೆ. ಸುಮ್ಮನಿರಲಾಗದೆ ಡಬ್ಬದಿಂದ ಒಂದು ಹಿಡಿ ಕಲ್ಲುಸಕ್ಕರೆ ತೆಗೆದು ಬೀದಿಯಲ್ಲಿ ಸಿಕ್ಕವರ ಕೈಗೆಲ್ಲ ಹಾಕಿದೆ. ಆ ಮೊಮೊದವನಿಗೂ ಕೊಟ್ಟೆ. ಪಾಪ, ಅವನೂ ಬಾಯಿಗೆ ಹಾಕಿಕೊಂಡು ನಗುತ್ತಾ ಹೋದ. ಕಲ್ಲುಸಕ್ಕರೆಯ ಕಾಸನ್ನು ನನ್ನ ಮೊಮ್ಮಗಳು ಆಗಲೇ ನನ್ನ ಮುಂದಿನ ತಿಂಗಳ ಸಂಬಳದಲ್ಲಿ ಹಿಡಿದಾಯಿತು. ಹಿಡಿಯಲಿ! ಅದು ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಬರವಣಿಗೆ ನಿಧಾನ. ಆದರೂ ಬರೆಯಲೇಬೇಕು ಅಂತ ಕೂತಿದ್ದೇನೆ. ಸಿಕ್ಕಿದವರೆಲ್ಲ, "ಈ ಕಾಲದಲ್ಲಿ ಹಳ್ಳಿ ದಿನಸಿ ಅಂಗಡೀಲಿ ಏನಜ್ಜಿ ಗಿಟ್ಟುತ್ತೆ?" ಅಂತ ಕೇಳುತ್ತಾರೆ. ಗಿಟ್ಟುತ್ತದೆ. ಹೇಗೆ ಗಿಟ್ಟಿತು, ಎಲ್ಲಿ ಎಡವಿದೆವು ಅನ್ನುವುದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮದು ಕೆ.ಆರ್. ಪುರದಿಂದ ಮಹದೇವಪುರಕ್ಕೆ ಹೋಗುವ ಕಡೆ, ದೊಡ್ಡ ರಸ್ತೆಯಿಂದ ಒಳಕ್ಕೆ ಸಿಕ್ಕಿಹಾಕಿಕೊಂಡ ಊರು. ಊರು ಅನ್ನುವುದು ನಾವು ಮಾತ್ರ. ಒಂದು ಮಾರಮ್ಮನ ಗುಡಿ, ಒಂದು ಅರಳಿಕಟ್ಟೆ, ಒಂದಿಷ್ಟು ಹಳೆಯ ಮನೆ; ಮಿಕ್ಕಿದ್ದೆಲ್ಲ ಕತ್ತು ನೋಯುವಷ್ಟು ಎತ್ತರದ ಅಪಾರ್ಟ್‌ಮೆಂಟು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಮ್ಮ ಯಜಮಾನರು ಹೋದ ಮೇಲೂ ನಾನೇ ಕೂರುತ್ತಿದ್ದೆ. ಆದರೆ ಅಪಾರ್ಟ್‌ಮೆಂಟಿನವರಿಗೆ ಸಾಮಾನು ಸ್ಕೂಟರಿನಲ್ಲಿ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೇ ಬರುತ್ತದೆ. ನಮ್ಮ ಹತ್ತಿರ ಬರುವುದು ಮರೆತ ಸಾಮಾನಿಗೆ. ಬೆಂಕಿಪೊಟ್ಟಣ, ಕರ್ಪೂರ, ಒಂದು ನಿಂಬೆಹಣ್ಣು.

ಮಗ ಟೆಕ್ ಪಾರ್ಕಿಗೆ ಕ್ಯಾಬು ಓಡಿಸುತ್ತಾನೆ. ಯುಗಾದಿ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಹೇಳಿದ, "ಅಮ್ಮ, ಒಬ್ರು ಮೊಮೊ ಅಂಗ್ಡಿಗೆ ಜಾಗ ಕೇಳ್ತಿದಾರೆ. ಒಳ್ಳೆ ಬಾಡಿಗೆ. ಟೋಕನ್ ಅಡ್ವಾನ್ಸೂ ಕೊಟ್ಟವ್ರೆ."

"ಮೊಮೊ ಅಂದ್ರೆ ಏನೋ?"

"ಕಡುಬು ಅಜ್ಜಿ," ಅಂದಳು ಮೊಮ್ಮಗಳು. "ಒಳಗಡೆ ಎಲೆಕೋಸು."

"ಕಡುಬು ಮಾರೋಕೆ ನಮ್ಮ ಅಂಗ್ಡಿ ಮುಚ್ಬೇಕಾ?"

"ಮುಚ್ಬಾರ್ದು," ಅಂದವಳು ನಾನಲ್ಲ, ಅವಳೇ. ಬಿ.ಕಾಂ. ಮುಗಿಸಿ ಮಾರತ್ತಹಳ್ಳಿಯ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು. ಆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಳು. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಮುಖ ಸಣ್ಣದಾಗಿತ್ತು. "ಅಪ್ಪ, ಅಂಗ್ಡಿ ನಂಗೆ ಕೊಡು. ನಾನು ನಡೆಸ್ತೀನಿ."

ಮಗ ಅನ್ನ ಕಲಸುತ್ತಾ ಯೋಚಿಸಿದ. "ಸರಿ. ಮೊಮೊದವ್ನು ದೀಪಾವಳಿ ತನಕ ಕಾಯ್ತಾನಂತೆ. ಅಲ್ಲೀವರ್ಗೂ ನಿಂಗೆ ಟೈಮು. ಆದ್ರೆ ಅವ್ನು ಕೊಡೋ ಬಾಡಿಗೆನ ಪ್ರತಿ ಒಂದನೇ ತಾರೀಖು ನೀನು ನನ್ ಕೈಗೆ ಇಡ್ಬೇಕು. ಬಿಟ್ಟಿ ಜಾಗದಲ್ಲಿ ಕೂತ್ಕೊಂಡು ಲಾಭ ಬಂತು ಅನ್ನೋ ಹಾಗಿಲ್ಲ."

ನನಗೆ ಸಿಟ್ಟು ಬಂತು. "ಅವಳ ತಾತ ಕಟ್ಟಿದ ಗೋಡೆಗೆ ಅವಳ ಹತ್ರನೇ ಬಾಡಿಗೆ ಕೇಳ್ತೀಯೇನೋ? ನಾಚ್ಕೆ ಆಗಲ್ವಾ?"

"ಕೇಳ್ಲಿ ಅಜ್ಜಿ, ಅಪ್ಪ ಹೇಳೋದು ಸರಿ. ಇನ್ನೊಂದು ಸೇರಿಸ್ಕೊ ಅಪ್ಪ. ನನ್ ಸಂಬಳ, ಅಜ್ಜಿ ಸಂಬಳ. ಅದನ್ನೂ ಅಂಗ್ಡಿನೇ ಕೊಡ್ಬೇಕು. ಅಜ್ಜಿ, ಇನ್ಮೇಲೆ ನೀನು ಮನೆಗೆ ಬೆಲ್ಲ ತಗೊಂಡ್ರೂ ಕಾಸು ಇಟ್ಟು ತಗೋಬೇಕು."

ನನಗೆ ಸಂಬಳ! ಜೀವಮಾನದಲ್ಲಿ ಯಾರೂ ಕೊಟ್ಟಿರಲಿಲ್ಲ. ಒಳಗಿನಿಂದ ಸೊಸೆ, "ಅತ್ತೆಗೆ ಪಿ.ಎಫ್. ಕೂಡ ಹಿಡೀರಿ" ಅಂತ ನಕ್ಕಳು. ಅವಳು ಗಾರ್ಮೆಂಟ್ಸಿಗೆ ಹೋಗುವವಳು, ಅವಳಿಗೆ ಅದೆಲ್ಲ ಗೊತ್ತು.

ಮೊದಲು ಮೊಮ್ಮಗಳು ತನಗೆ ಗೊತ್ತಿದ್ದ ದಾರಿ ಹಿಡಿದಳು. ಬಿಳಿ ಟ್ಯೂಬ್‌ಲೈಟು, ಕಬ್ಬಿಣದ ಶೆಲ್ಫು, ಬಣ್ಣಬಣ್ಣದ ಚಿಪ್ಸು, ಶಾಂಪೂ, ನೂಡಲ್ಸು. ಅಂಗಡಿ ಮದುವೆಮನೆ ಹಾಗೆ ಕಂಡಿತು. ಬಂದವರು ನೋಡಿದರು, ಹೊಗಳಿದರು, ಬೆಂಕಿಪೊಟ್ಟಣ ತೆಗೆದುಕೊಂಡು ಹೋದರು. ಪ್ಯಾಕೆಟ್ಟಿನ ಬೆಲೆ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ. ನಮಗೆ ಸಿಗುವುದು ಚೂರುಪಾರು. ಅದೂ ಮಾರಿದರೆ. ತಾರೀಖು ಮುಗಿದ ಪ್ಯಾಕೆಟ್ಟುಗಳನ್ನು ಏಜೆನ್ಸಿಯವನು ವಾಪಸು ತೆಗೆದುಕೊಳ್ಳಲಿಲ್ಲ. ನಾವೇ ತಿಂದೆವು. ನನಗೆ ಇವತ್ತಿಗೂ ನೂಡಲ್ಸು ಕಂಡರೆ ಹೊಟ್ಟೆ ತೊಳೆಸುತ್ತದೆ. ಬಾಡಿಗೆ? ಎಲ್ಲಿಯ ಬಾಡಿಗೆ! ಒಂದನೇ ತಾರೀಖು ಅವಳು ಅಪ್ಪನ ಕಣ್ಣಿಗೆ ಬೀಳದ ಹಾಗೆ ಓಡಾಡಿದಳು.

ಆಗ ನಾನು ಹೇಳಿದೆ, "ಯಾರು ಬರಲ್ವೋ ಅವರಿಗೋಸ್ಕರ ಯಾಕೆ ಸಾಮಾನು ತುಂಬ್ತೀಯೆ? ಬರೋರು ಏನ್ ಕೇಳ್ತಾರೆ ನೋಡು."

ಬರುತ್ತಿದ್ದವರು ಯಾರು? ಕಟ್ಟಡದ ಕೆಲಸದವರು. ಊರಿನ ಹಿಂದೆ ತಗಡಿನ ಶೆಡ್ಡುಗಳಿವೆ. ಯಾದಗಿರಿ, ರಾಯಚೂರು ಕಡೆಯವರು. ಸಂಜೆ ಕೆಲಸ ಬಿಟ್ಟು ಹೆಂಗಸರು ಬರುತ್ತಾರೆ. ಅವರಲ್ಲಿ ಒಬ್ಬಳು ಗಟ್ಟಿ ಬಾಯಿಯವಳು, ಹಣೆ ತುಂಬ ಕುಂಕುಮ. ದಿನಾ ಒಂದೇ ಪ್ರಶ್ನೆ. "ಜ್ವಾಳ ಅದಾವೇನ್ರಿ?" ನಾನು ಜೋಳದ ಹಿಟ್ಟಿನ ಪ್ಯಾಕೆಟ್ಟು ತೋರಿಸಿದರೆ ಕೈಯಲ್ಲಿ ಒತ್ತಿ ನೋಡಿ ಅಲ್ಲೇ ಇಟ್ಟು ಹೋಗುವಳು. ಅಕ್ಕಿ ತೆಗೆದುಕೊಳ್ಳುವಾಗ ಅವಳ ಮುಖ ನೋಡಬೇಕು, ಕಹಿ ಔಷಧಿ ತೆಗೆದುಕೊಂಡ ಹಾಗೆ.

ಯಶವಂತಪುರದ ಮಂಡಿಯಿಂದ ಬಿಳಿ ಜೋಳ ತರಿಸಿದೆವು. ಮೂಟೆ ಬಿಚ್ಚಿದರೆ ಮುತ್ತಿನ ಹಾಗಿತ್ತು. ನಾನು ಅದನ್ನೆಲ್ಲ ಒಂದೇ ಸಲಕ್ಕೆ ಮಿಲ್ಲಿಗೆ ಹಾಕಿಸಿ ಹಿಟ್ಟು ಮಾಡಿಸಿ ದೊಡ್ಡ ಡ್ರಮ್ಮಿಗೆ ತುಂಬಿದೆ. ನಮ್ಮ ಮನೆಯಲ್ಲಿ ರಾಗಿ ಹಾಗೆಯೇ. ಒಂದು ಸಲ ಬೀಸಿಸಿದರೆ ತಿಂಗಳುಗಟ್ಟಲೆ ಮುದ್ದೆ. ಹಳೆಯದಾದರೂ ಮುದ್ದೆ ಮುದ್ದೆಯೇ.

ಮೊದಲ ವಾರ ಹಿಟ್ಟು ಹಾರಿಹೋಯಿತು. ನಾನು ಮೊಮ್ಮಗಳ ಕೆನ್ನೆ ಹಿಂಡಿ, "ನೋಡ್ದಾ?" ಅಂದೆ. ಅವಳು ಮತ್ತಷ್ಟು ಬೀಸಿಸಿದಳು. ಆಮೇಲಿನ ವಾರಗಳಲ್ಲಿ ವ್ಯಾಪಾರ ಇಳಿಯುತ್ತಾ ಬಂತು. ಕೊನೆಗೊಂದು ಸಂಜೆ ಆ ಕುಂಕುಮದವಳು ಒಂದು ತಟ್ಟೆ ತಂದು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು. ತಟ್ಟೆಯಲ್ಲಿ ಮುರಿದ ರೊಟ್ಟಿ ಚೂರು.

"ಇದ್ರಾಗ ಏನ್ ಕಲಸೀರಿ ಯಮ್ಮಾ? ಬಡಿಯಾಕ ಕುಂತ್ರ ಅಂಚೆಲ್ಲ ಬಿರೀತದ. ಎತ್ತಿ ಹೆಂಚಿಗೆ ಹಾಕ್ಬೇಕಂದ್ರ ಎರಡು ತುಂಡು. ಮೈದಾ ಕಲಸೀರೋ, ಅಕ್ಕಿ ಕಲಸೀರೋ?"

"ಮಾರಮ್ಮನ ಆಣೆ, ಏನೂ ಕಲಸಿಲ್ಲ ಕಣಮ್ಮ!"

"ಶೆಡ್ಡಿನ್ಯಾಗ ಎಲ್ಲಾರೂ ಅಂತಾರ, ಅಜ್ಜಿ ಮೋಸದಾಕಿ ಅಂತ."

ಅಷ್ಟು ವರ್ಷ ಕೂತ ಜಾಗದಲ್ಲಿ ಆ ಮಾತನ್ನು ಯಾರೂ ಅಂದಿರಲಿಲ್ಲ. ಮೊಮ್ಮಗಳು ಡ್ರಮ್ಮಿನಿಂದ ಹಿಟ್ಟು ತೆಗೆದು, "ಬನ್ನಿ ಅಕ್ಕ, ನಮ್ಮ ಅಡುಗೆಮನೇಲೇ ಬಡೀರಿ, ನೋಡೋಣ" ಅಂತ ಒಳಗೆ ಕರೆದುಕೊಂಡು ಹೋದಳು. ಕುಂಕುಮದವಳು ಕುದಿಯುವ ನೀರು ಹಾಕಿ ನಾದಿದಳು. ನಾದುವಾಗಲೇ ಅವಳ ಮುಖ ಬದಲಾಯಿತು. ಹಿಟ್ಟನ್ನು ಮೂಗಿನ ಹತ್ತಿರ ಹಿಡಿದಳು, ನಾಲಿಗೆಯ ಮೇಲೆ ಇಟ್ಟುಕೊಂಡಳು.

"ಯಾವಾಗ ಬೀಸಿದ್ದ್ರೀ ಇದು?"

"ಹೋದ ತಿಂಗ್ಳು," ಅಂದೆ.

ಅವಳು ನನ್ನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಆಮೇಲೆ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಿಂಗಳ ಹಿಟ್ಟಾ? ಯಮ್ಮಾ, ನೀವು ರಾಗಿ ಮಂದಿ! ಜ್ವಾಳದ ಹಿಟ್ಟು ತಿಂಗಳಗಟ್ಟಲೆ ಇಟ್ರ ಜಿಗಿನ ಇರಂಗಿಲ್ಲ, ಅಂಟು ಹೋಗ್ತದ, ಕಹಿನೂ ಆಗ್ತದ. ನಮ್ಮೂರಾಗ ಬೀಸಿದ ಹಿಟ್ಟು ಬಿಸಿ ಇದ್ದಾಗ ರೊಟ್ಟಿ ಬಡೀತಾರ."

ನಾನೂ ನಕ್ಕೆ. ಮೊಮ್ಮಗಳು ನಗಲಿಲ್ಲ. ಡ್ರಮ್ಮಿನ ಕಡೆ ನೋಡುತ್ತಾ ನಿಂತಿದ್ದಳು. ಅರ್ಧಕ್ಕಿಂತ ಹೆಚ್ಚು ಹಿಟ್ಟು ಅದರಲ್ಲಿತ್ತು.

ಮಗ ಅದನ್ನು ಕೇಳಿ, "ಸಾಕು ಬಿಡ್ರಮ್ಮ, ಇದು ನಿಮ್ಮಿಂದ ಆಗೋ ಕೆಲ್ಸ ಅಲ್ಲ" ಅಂದ. ನನಗೂ ಮನಸ್ಸು ಕುಗ್ಗಿತ್ತು. ಹಳೆಯ ಹಿಟ್ಟನ್ನು ಕಡಿಮೆ ಬೆಲೆಗೆ ಮಾರಿ ಜೋಳದ ಸಹವಾಸ ಬಿಡೋಣ ಅಂದೆ. ಮೊಮ್ಮಗಳು ಮರುದಿನ ಎದ್ದವಳೇ ಡ್ರಮ್ಮನ್ನು ಹಸು ಸಾಕಿದವರ ಮನೆಗೆ ಉರುಳಿಸಿಕೊಂಡು ಹೋಗಿ ಪೂರ್ತಿ ಸುರಿದು ಬಂದಳು. ಆಮೇಲೆ ಒಂದಿಷ್ಟು ಜೋಳ ಹೊಸದಾಗಿ ಬೀಸಿಸಿ, ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಹೋದಳು. "ನಮ್ಮ ಹತ್ರ ತಗೊಂಡ ಹಳೇ ಹಿಟ್ಟು ಯಾರ ಮನೇಲಿದ್ರೂ ತನ್ನಿ. ಅಷ್ಟೇ ತೂಕ ಹೊಸ ಹಿಟ್ಟು ಕೊಡ್ತೀವಿ. ಕಾಸು ಬೇಡ." ನಾನು ಅವಳ ಕೈ ಚಿವುಟಿದೆ. "ತಿಂದು ಖಾಲಿ ಮಾಡಿದೋರೂ ಬೇರೆ ಹಿಟ್ಟು ಹಿಡ್ಕೊಂಡು ಬರ್ತಾರೆ ಕಣೆ, ಸುಮ್ನಿರು!" ಅವಳು ಕೇಳಲಿಲ್ಲ. ಯಾರೂ ಸುಳ್ಳು ಹೇಳಲೂ ಇಲ್ಲ. ಇದ್ದವರು ಇದ್ದಷ್ಟು ತಂದರು. ಆ ತಿಂಗಳೂ ಬಾಡಿಗೆ ಹೋಯಿತು, ಆದರೆ ಮೋಸದಾಕಿ ಅನ್ನುವ ಮಾತೂ ಹೋಯಿತು.

ಇನ್ನು ಮೇಲೆ ಹಿಟ್ಟು ದಾಸ್ತಾನು ಮಾಡುವುದಿಲ್ಲ, ಕಾಳು ಮಾತ್ರ ಇಡುವುದು, ಅವತ್ತಿನ ಹಿಟ್ಟು ಅವತ್ತೇ ಅಂತ ಅವಳು ತೀರ್ಮಾನ ಮಾಡಿದಳು. ಅಂಗಡಿ ತಿರುಗಿದ್ದು ಅಲ್ಲಿಂದಲೇ.

ಹೇಳುವುದು ಸುಲಭ. ಮಿಲ್ಲು ಕೆ.ಆರ್. ಪುರದ ಮಾರ್ಕೆಟ್ಟಿನ ಹತ್ತಿರ ಇದೆ. ಮಿಲ್ಲಿನ ಸಾಹೇಬರು ನನಗಿಂತ ಸ್ವಲ್ಪ ಚಿಕ್ಕವರು, ತಲೆಯಿಂದ ಕಾಲಿನವರೆಗೆ ಹಿಟ್ಟು. "ಅರೇ ಅಮ್ಮಾ, ನನ್ ಹತ್ರ ಇರೋದು ಒಂದೇ ಕಲ್ಲು. ರಾಗಿ ಬರುತ್ತೆ, ಗೋಧಿ ಬರುತ್ತೆ, ಅಕ್ಕಿ ಬರುತ್ತೆ. ನಿಮ್ದು ಎರಡು ಕಿಲೋ, ಮೂರು ಕಿಲೋಗೆ ದಿನಾ ಕಲ್ಲು ಕ್ಲೀನ್ ಮಾಡ್ತಾ ಕೂತ್ರೆ ನಾನು ಅಂಗ್ಡಿ ಮುಚ್ಬೇಕು."

"ಮುಚ್ಬೇಡಿ ಸಾಹೇಬ್ರೇ, ಆಮೇಲೆ ಇಲ್ಲೂ ಮೊಮೊದವ್ನು ಬರ್ತಾನೆ," ಅಂದೆ. ಅವರಿಗೆ ಕಥೆಯೆಲ್ಲ ಹೇಳಿದೆ. ನಗುತ್ತಾ ಒಪ್ಪಿಕೊಂಡರು, ಆದರೆ ಒಂದು ಷರತ್ತು. ದಿನಾ ಅರ್ಧ ಮೂಟೆಗೆ ಕಡಿಮೆ ಇರಬಾರದು. ಇದ್ದರೆ ಬೆಳಿಗ್ಗೆ ಮೊದಲ ಸರದಿ ನಮ್ಮದೇ.

ಅಷ್ಟು ಗಿರಾಕಿ ಎಲ್ಲಿತ್ತು? ಕೊರತೆ ಬಿದ್ದದ್ದನ್ನು ನಾವೇ ತುಂಬಿದೆವು. ಮಾರಾಟವಾಗದ ಹಿಟ್ಟನ್ನು ಮರುದಿನ ಮಾರಬಾರದು ಅಂತ ಅವಳು ಹಠ ಹಿಡಿದಳು. ಬಾಗಿಲ ಪಕ್ಕ ಒಂದು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ "ನಿನ್ನೆಯ ಹಿಟ್ಟು ಇಲ್ಲಿ ಸಿಗುವುದಿಲ್ಲ" ಅಂತ ಬರೆದಳು. ಉಳಿದದ್ದು ಮನೆಗೆ, ಅದೂ ಕಾಸು ಕೊಟ್ಟು! ಜೋಳದ ದೋಸೆ, ಜೋಳದ ಗಂಜಿ, ಜೋಳದ ವಡೆ. ಮಗ ತಟ್ಟೆ ನೋಡಿ ದಿನಾ ಒಂದೇ ಮಾತು. "ಇವತ್ತೂನಾ?" ಸೊಸೆ, "ಬಾಡಿಗೆ ಬೇಕು ಅಂದ್ರಲ್ಲ, ತಿನ್ನಿ" ಅನ್ನುವಳು.

ಒಂದು ದಿನ ಹಿಟ್ಟಿನಲ್ಲಿ ಕಪ್ಪು ಚುಕ್ಕೆ ಬಂತು. ಹಿಂದಿನ ದಿನದ ರಾಗಿ ಕಲ್ಲಿನ ಸಂದಿಯಲ್ಲಿ ಉಳಿದಿತ್ತು. ಅವತ್ತಿನಿಂದ ನಾನೇ ಬೆಳಿಗ್ಗೆ ಮಿಲ್ಲಿಗೆ ಹೋಗಿ ನಿಲ್ಲತೊಡಗಿದೆ. ಸಾಹೇಬರು ಕಲ್ಲು ಗುಡಿಸುತ್ತಾರೆ, ಒಂದೆರಡು ಬೊಗಸೆ ಜೋಳ ಮೊದಲು ಹಾಕಿ ಬೀಸುತ್ತಾರೆ, ಆ ಹಿಟ್ಟು ಹಸುಗಳಿಗೆ. ಆಮೇಲೆ ಬರುವುದು ನಮ್ಮದು. ಬಟ್ಟೆಯ ಚೀಲಕ್ಕೆ ತುಂಬಬೇಕು, ಪ್ಲಾಸ್ಟಿಕ್ಕಿಗೆ ತುಂಬಿದರೆ ಬಿಸಿಗೆ ಬೆವರಿ ಗಂಟು ಕಟ್ಟುತ್ತದೆ. ಶೆಡ್ಡಿನ ಹೆಂಗಸರು ಕೆಲಸಕ್ಕೆ ಹೋಗುವಾಗ ಡಬ್ಬಿ ಇಟ್ಟು, ಎಷ್ಟು ಬೇಕು ಅಂತ ಹೇಳಿ ಹೋಗುತ್ತಾರೆ. ಸಂಜೆ ಬರುವಷ್ಟರಲ್ಲಿ ಡಬ್ಬಿ ತುಂಬಿರುತ್ತದೆ. ಜೋಳ ಕೊಂಡವರು ಶೇಂಗಾ ಕೇಳಿದರು, ಗುರೆಳ್ಳು ಕೇಳಿದರು, ಅಗಸೆ ಕೇಳಿದರು, ಬಿಡಿ ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ ಕೇಳಿದರು. ಚಿಪ್ಸಿನ ಶೆಲ್ಫು ಖಾಲಿ ಮಾಡಿ ಅದೆಲ್ಲ ಇಟ್ಟೆವು. ಇವುಗಳ ಮೇಲೆ ಯಾರೂ ಬೆಲೆ ಅಚ್ಚು ಹಾಕಿರುವುದಿಲ್ಲ. ಮಂಡಿಯಲ್ಲಿ ನೋಡಿ ತಂದರೆ ನಮಗೂ ನ್ಯಾಯ, ಗಿರಾಕಿಗೂ ನ್ಯಾಯ. ಸಾಮಾನು ವಾರದೊಳಗೆ ತಿರುಗುತ್ತದೆ, ಹಾಕಿದ ಬಂಡವಾಳ ಶೆಲ್ಫಿನ ಮೇಲೆ ಮಲಗಿರುವುದಿಲ್ಲ.

ಶ್ರಾವಣದ ಹೊತ್ತಿಗೆ ಅಪಾರ್ಟ್‌ಮೆಂಟಿನ ಒಬ್ಬರು ಮೇಡಮ್ಮು ಸ್ಟೀಲ್ ಡಬ್ಬಿ ಹಿಡಿದು ಬಂದರು. ವಿಜಯಪುರದ ಕಡೆಯವರು. "ಹತ್ತು ನಿಮಿಷದಾಗ ಬರೋ ಹಿಟ್ಟು ಮಿಲ್ಲಿನಿಂದ ಬಂದು ಎಷ್ಟು ದಿನ ಆಗಿರ್ತದೋ ಏನೋ ಅಜ್ಜಿ. ನಮ್ಮ ಕೆಲಸದಾಕಿ ನಿಮ್ಮ ಅಂಗಡಿ ಹೇಳಿದ್ಲು." ಅವರ ಹಿಂದೆ ಹುಬ್ಬಳ್ಳಿಯವರು, ಕಲಬುರಗಿಯವರು. ಆ ದೊಡ್ಡ ಕಟ್ಟಡಗಳಲ್ಲಿ ಇಷ್ಟು ಜನ ರೊಟ್ಟಿ ತಿನ್ನುವವರಿದ್ದರು ಅಂತ ನನಗೇನು ಗೊತ್ತು! ಆಮೇಲೆ ಮಾರತ್ತಹಳ್ಳಿಯ ಒಂದು ಖಾನಾವಳಿಯವರು ಬಂದು, ದಿನಾ ಹಿಟ್ಟು ಬೇಕು, ಒಂದು ದಿನ ತಪ್ಪಿದರೂ ಬೇರೆಯವರನ್ನು ನೋಡುತ್ತೇವೆ ಅಂದರು. ಅವರ ಹಿಟ್ಟನ್ನು ಮೊಮ್ಮಗಳು ಸ್ಕೂಟರಿನಲ್ಲಿ ಕೊಟ್ಟು ಬರುತ್ತಿದ್ದಳು.

ಆ ತಿಂಗಳು ಮೊದಲ ಸಲ ಅವಳು ಅಪ್ಪನ ಕೈಗೆ ಬಾಡಿಗೆ ಇಟ್ಟಳು. ಮಗ, "ಒಂದ್ಸಲ ಆದ್ರೆ ಆಯ್ತಾ? ದೀಪಾವಳಿ ತನಕ ಇದೆ" ಅಂದ. ಆದರೆ ಎರಡು ಸಲ ಕಣ್ಣುಜ್ಜಿಕೊಂಡು ನೋಟು ನೋಡಿದ.

ಆಮೇಲೆ ಆ ದೊಡ್ಡ ಮಳೆ ಬಂತು. ಮಹದೇವಪುರದಲ್ಲಿ ಮೊಣಕಾಲುದ್ದ ನೀರು. ಖಾನಾವಳಿಗೆ ಹಿಟ್ಟು ಹೋಗಬೇಕು, ಸ್ಕೂಟರು ಹೋಗುವ ಹಾಗಿಲ್ಲ. ಮೊಮ್ಮಗಳು ಚೀಲ ತಬ್ಬಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಕಣ್ಣಲ್ಲಿ ನೀರು. ಮಗನಿಗೂ ಅವತ್ತು ಡ್ಯೂಟಿ ಇರಲಿಲ್ಲ. ಸ್ವಲ್ಪ ಹೊತ್ತು ಆಚೆ ಈಚೆ ನೋಡಿದ, ಆಮೇಲೆ ಕ್ಯಾಬಿನ ಕೀಲಿ ತೆಗೆದುಕೊಂಡ.

"ಹತ್ತು. ಟ್ರಿಪ್ ಚಾರ್ಜ್ ಕೊಡ್ತೀಯ ತಾನೇ?"

"ಕೊಡ್ತೀನಿ ಅಪ್ಪ, ಅಂಗ್ಡಿ ಲೆಕ್ಕದಲ್ಲಿ."

ಸುತ್ತು ಬಳಸಿ, ಗಲ್ಲಿಗಲ್ಲಿ ನುಗ್ಗಿ ಹೋಗಿ ಕೊಟ್ಟು ಬಂದರು. ಬಂದ ಮೇಲೆ ಮಗನದು ಬೇರೆಯೇ ಮಾತು. "ಅಮ್ಮ, ಆ ಖಾನಾವಳೀಲಿ ನಮ್ಮ ಹಿಟ್ಟು ಬರೋ ತನಕ ಒಲೆ ಹಚ್ಚದೆ ಕಾಯ್ತಾ ಇದ್ರು ಕಣಮ್ಮ! ನಾಲ್ಕು ಹೆಂಗಸ್ರು ಸಾಲಾಗಿ ಕೂತು ಬಡಿಯೋದು ನೋಡ್ಬೇಕು, ತಮಟೆ ಹೊಡ್ದಂಗೆ. ನಮ್ ಅಂಗ್ಡಿ ಹಿಟ್ಟು ಅಂತ ನಂಗೆ ಎರಡು ರೊಟ್ಟಿ ಜಾಸ್ತಿ ಹಾಕಿದ್ರು." ಅವನು "ನಮ್ ಅಂಗ್ಡಿ" ಅಂದದ್ದನ್ನು ನಾನೂ ಸೊಸೆಯೂ ಒಟ್ಟಿಗೇ ಕೇಳಿಸಿಕೊಂಡೆವು. ಟ್ರಿಪ್ ಚಾರ್ಜನ್ನು ಮಾತ್ರ ಅವನು ಬಿಡಲಿಲ್ಲ, ಎಣಿಸಿ ತೆಗೆದುಕೊಂಡ.

ಬಾಡಿಗೆ ಮತ್ತೆ ಬಂತು, ಮತ್ತೆ ಬಂತು. ದೀಪಾವಳಿ ಕಳೆದು ಇವತ್ತು ಒಂದನೇ ತಾರೀಖು. ಬೆಳಿಗ್ಗೆ ಮೊಮ್ಮಗಳು ಮೊದಲು ನನ್ನ ಸಂಬಳ ಕೊಟ್ಟಳು. ಆಮೇಲೆ ತನ್ನದನ್ನು ಪಕ್ಕಕ್ಕಿಟ್ಟುಕೊಂಡಳು. ಆಮೇಲೆ ಅಪ್ಪನ ಬಾಡಿಗೆ. ಅದೆಲ್ಲ ಆದ ಮೇಲೂ ಗಲ್ಲಾಪೆಟ್ಟಿಗೆಯಲ್ಲಿ ಉಳಿದಿತ್ತು. "ಇದು ಲಾಭ ಅಜ್ಜಿ" ಅಂತ ತೋರಿಸಿದಳು. ಹಿಂದೆ ನಾನು ಲಾಭ ಅನ್ನುತ್ತಿದ್ದದ್ದು ನನ್ನದೇ ಕೂಲಿಯಾಗಿತ್ತು, ನನ್ನದೇ ಗೋಡೆಯ ಬಾಡಿಗೆಯಾಗಿತ್ತು. ಇದು ಚಿಕ್ಕದೇ ಇರಬಹುದು, ಆದರೆ ನಿಜವಾದ ಲಾಭ. ಅಂಗಡಿ ಇಡಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಜಾಗ ಸ್ವಂತದ್ದಾದರೂ ಬಾಡಿಗೆ ಕಟ್ಟಿ, ನಿಮ್ಮ ಮೈಗೆ ಸಂಬಳ ಕಟ್ಟಿ, ಬಾಗಿಲಿಗೆ ಬಂದವರು ಏನು ಕೇಳುತ್ತಾರೋ ಅದನ್ನು ಅವರು ಉಣ್ಣುವ ಹಾಗೆ ಕೊಡಿ. ಗಿಟ್ಟುತ್ತದೆ.

ಮಗ ಬಾಡಿಗೆಯನ್ನು ಜೇಬಿಗಿಟ್ಟುಕೊಂಡು ಸೀದಾ ಅರಳಿಕಟ್ಟೆಯಲ್ಲಿ ಕಾಯುತ್ತಿದ್ದ ಮೊಮೊದವನ ಹತ್ತಿರ ಹೋದ, ಹಿಂದೆಯೇ ನಾನೂ ಹೋದೆ. ಆಮೇಲಿನದು ನಿಮಗೆ ಗೊತ್ತೇ ಇದೆ.

ಸಂಜೆ ಸೊಸೆ ನಾಟಿ ಕೋಳಿ ಸಾರು ಮಾಡಿದಳು, ನಾನು ಮುದ್ದೆ ಕಟ್ಟಿದೆ. ಮಗ ಕ್ಯಾಬು ಹತ್ತಲಿಲ್ಲ. ಎಲ್ಲರೂ ಒಟ್ಟಿಗೆ ಉಣ್ಣಬೇಕು, ಅಂಗಡಿಗೆ ಗಿರಾಕಿ ಬರುವುದು ಮಾತ್ರ ನಿಲ್ಲುತ್ತಿಲ್ಲ. ಕೊನೆಗೆ ಮೂಟೆಗಳನ್ನು ಗೋಡೆಗೆ ಸರಿಸಿ, ಅಂಗಡಿಯಲ್ಲೇ ಚಾಪೆ ಹಾಸಿ ಕೂತೆವು. ಎರಡನೇ ಮುದ್ದೆ ಮುರಿಯುವಾಗ ಕುಂಕುಮದವಳು ಡಬ್ಬಿಗೆ ಬಂದಳು. ಮೊಮ್ಮಗಳು ಏಳಲು ಹೋದರೆ ಮಗ ತಡೆದ. "ನೀನು ಉಣ್ಣು ಮಗಾ, ನಾನು ಕೊಡ್ತೀನಿ." ಎದ್ದು ನಿಂತ, ಕೈ ಪೂರ್ತಿ ಸಾರು.

"ಏ, ಆ ಕೈಲಿಂದ ನನ್ನ ಹಿಟ್ಟು ಮುಟ್ಟಬ್ಯಾಡಪ್ಪ!" ಅಂದಳು ಅವಳು. "ಉಣ್ರಿ, ಉಣ್ರಿ. ನಾ ಕುಂತೀನಿ."

ಸೊಸೆ ಅವಳ ಮುಂದೂ ಒಂದು ತಟ್ಟೆ ಇಟ್ಟಳು. ಮಗ ಮತ್ತೆ ಕೂತ, ಮಗಳ ತಟ್ಟೆಗೆ ತನ್ನ ತಟ್ಟೆಯ ಕೋಳಿಕಾಲು ಹಾಕಿದ. ಎಲ್ಲರೂ ಉಂಡೆವು.